ರೆಡಿಮೇಡ್ ಟೆಂಪ್ಲೇಟಿಗೆ ಕನ್ನಡ ಹಾಕಿ ನೋಡಿದೆ: ಯಾವುದು ತಡೆಯುತ್ತದೆ, ಯಾವುದು ಒಡೆಯುತ್ತದೆ

ವಿಡಿಯೋ ಶೀರ್ಷಿಕೆಗೆ ಸಿದ್ಧ ಆ್ಯನಿಮೇಷನ್ ಟೆಂಪ್ಲೇಟು ಮಾರುವವರ ಪ್ರಿವ್ಯೂ ವಿಡಿಯೋ ನೋಡಿದರೆ ಎಂಥವರಿಗೂ ಆಸೆಯಾಗುತ್ತದೆ. ಬಂಗಾರದ ಬಣ್ಣದ ಅಕ್ಷರಗಳು ಒಂದೊಂದಾಗಿ ಬಂದು ಕೂರುತ್ತವೆ, ಅಡಿಯಲ್ಲಿ ಗೆರೆಯೊಂದು ಸರಕ್ಕನೆ ಎಳೆದುಕೊಳ್ಳುತ್ತದೆ, ಹಿಂದೆ ಕಣಗಳು ಮಿನುಗುತ್ತವೆ. ಪಕ್ಕದಲ್ಲಿ ‘ಐದೇ ನಿಮಿಷದಲ್ಲಿ ಬದಲಾಯಿಸಿಕೊಳ್ಳಿ’ ಎಂಬ ಭರವಸೆ. ಅದು ಸುಳ್ಳೇನಲ್ಲ. ಇಂಗ್ಲಿಷಿನಲ್ಲಿ ಚಿಕ್ಕದೊಂದು ಹೆಸರು ಹಾಕುವವರಿಗೆ ಐದು ನಿಮಿಷ ಧಾರಾಳ. ಅದೇ ಜಾಗದಲ್ಲಿ ‘ಕಾರ್ಯಾಧ್ಯಕ್ಷರು, ಸಾಂಸ್ಕೃತಿಕ ಸಮಿತಿ’ ಎಂದು ಟೈಪ್ ಮಾಡಿ ನೋಡಿ. ಒತ್ತಕ್ಷರದ ಬುಡ ಕತ್ತರಿಸಿ ಹೋಗಿರುತ್ತದೆ, ಅರ್ಕಾವೊತ್ತು ದಾರಿ ತಪ್ಪಿರುತ್ತದೆ, ಬಣ್ಣದ ಪಟ್ಟಿಯಿಂದಾಚೆ ‘ಸಮಿತಿ’ ಚಾಚಿಕೊಂಡಿರುತ್ತದೆ.

ಹಗಲು ಅಂಧೇರಿಯ ಎಡಿಟ್ ರೂಮಿನಲ್ಲಿ ಹಿಂದಿ, ಮರಾಠಿ ಕೆಲಸ ಮಾಡುತ್ತೇನೆ. ಸಂಜೆ ಮತ್ತು ಭಾನುವಾರ ಮುಂಬಯಿಯ ಕನ್ನಡ, ತುಳು ಸಂಘಗಳ ಕೆಲಸ. ಮಾಟುಂಗ, ಕುರ್ಲಾ, ಸಾಂತಾಕ್ರೂಜ್, ಡೊಂಬಿವಲಿ ಎಲ್ಲಿಯ ಸಂಘವೇ ಆಗಲಿ, ಫೋನು ಬರುವುದು ಕಾರ್ಯಕ್ರಮ ತಲೆಯ ಮೇಲೆ ಬಂದಾಗ. “ಮಾರಾಯ್ರೆ, ನಾಡಿದ್ದು ಪ್ರೋಗ್ರಾಂ. ಎಲ್‌ಇಡಿ ಸ್ಕ್ರೀನಿಗೆ ಒಂದು ಚಂದದ್ದು ಮಾಡಿ ಕೊಡಿ ಅಲ್ಲ? ವಾಟ್ಸ್ಆ್ಯಪ್‌ಗೂ ಒಂದು ಬೇಕು. ಅತಿಥಿಗಳ ಹೆಸರು ಮರಾಠಿಯಲ್ಲೂ ಬರಲಿ.” ಅಂದರೆ ಮೂರು ಕೆಲಸ: ವೇದಿಕೆಯ ಪರದೆಗೆ ಶೀರ್ಷಿಕೆ, ಭಾಷಣದ ರೆಕಾರ್ಡಿಂಗಿಗೆ ಹೆಸರಿನ ಪಟ್ಟಿ (ಮಾತಾಡುವವರ ಹೆಸರು ತೋರಿಸುವ ಬಣ್ಣದ ಅಡ್ಡಪಟ್ಟಿ), ಮೊಬೈಲಿಗೆ ಉದ್ದುದ್ದದ ಆಮಂತ್ರಣ. ಭಾಷೆಯೂ ಮೂರು: ಕನ್ನಡ, ಮರಾಠಿ, ಇಂಗ್ಲಿಷ್. ಅಷ್ಟು ಹೊತ್ತಿನಲ್ಲಿ ಸೊನ್ನೆಯಿಂದ ಆ್ಯನಿಮೇಷನ್ ಕಟ್ಟುವುದು ಆಗದ ಮಾತು, ಟೆಂಪ್ಲೇಟೇ ಗತಿ.

ಈ ಮೂರು ಕೆಲಸಗಳನ್ನೇ ಮುಂದಿಟ್ಟುಕೊಂಡು ನಾಲ್ಕು ದಾರಿಗಳನ್ನು ಹೋಲಿಸಿದ್ದೇನೆ. ಒಂದು, ಅಡೋಬಿ ಕಂಪನಿಯ ಆ್ಯನಿಮೇಷನ್ ತಂತ್ರಾಂಶ ಆಫ್ಟರ್ ಎಫೆಕ್ಟ್ಸ್‌ನ ಪೂರ್ತಿ ಪ್ರಾಜೆಕ್ಟ್ ಫೈಲು. ಎರಡು, ಅಡೋಬಿಯದೇ ಎಡಿಟಿಂಗ್ ತಂತ್ರಾಂಶ ಪ್ರೀಮಿಯರ್ ಪ್ರೊದೊಳಗೆ ಎಳೆದು ಹಾಕುವ ಮೋಗರ್ಟ್ ಎಂಬ ಸಿದ್ಧ ಗ್ರಾಫಿಕ್. ಮೂರು, ಇನ್ನೊಂದು ಎಡಿಟಿಂಗ್ ತಂತ್ರಾಂಶ ಡಾವಿಂಚಿ ರಿಸಾಲ್ವ್‌ನ ಫ್ಯೂಷನ್ ಟೈಟಲ್. ನಾಲ್ಕು, ಬ್ರೌಸರಿನಲ್ಲೇ ವಿನ್ಯಾಸ ಮಾಡುವ ಕ್ಯಾನ್ವಾ. ಪ್ರಿವ್ಯೂ ಎಷ್ಟು ಮೆರೆಯುತ್ತದೆ ಎನ್ನುವುದಕ್ಕೆ ನನ್ನಲ್ಲಿ ಅಂಕವಿಲ್ಲ. ನಮ್ಮ ಅಕ್ಷರ ಹಾಕಿದಾಗ ಅದು ಎಲ್ಲಿ ಒಡೆಯುತ್ತದೆ, ಒಡೆದಾಗ ಹೊಸಬರು ಅದನ್ನು ತಾವೇ ಬಿಚ್ಚಿ ಸರಿಮಾಡಿಕೊಳ್ಳಬಹುದೇ, ಇಷ್ಟೇ ಅಳತೆ.

ಪರೀಕ್ಷೆಗೆ ‘ಸ್ವಾತಂತ್ರ್ಯೋತ್ಸವ’ ಎಂಬ ಪದ ಇಟ್ಟುಕೊಂಡಿದ್ದೇನೆ. ತಕಾರದಡಿ ರಕಾರದ ಒತ್ತು, ಅದರ ಜೊತೆಗೆ ಯಕಾರದ ಒತ್ತು, ಮೇಲೆ ಓಕಾರದ ದೀರ್ಘ, ಎಲ್ಲ ಒಂದೇ ಕಡೆ. ಇದು ಸರಿಯಾಗಿ ನಿಂತರೆ ಉಳಿದ ಕನ್ನಡವೂ ಹೆಚ್ಚಾಗಿ ನಿಲ್ಲುತ್ತದೆ. ಮರಾಠಿಗೆ ಯಾವ ಪದವಾದರೂ ಆಗುತ್ತದೆ. ಅಲ್ಲಿ ನೋಡಬೇಕಾದದ್ದು ಮೇಲಿನ ಶಿರೋರೇಖೆ ತುಂಡಾಗದೆ ನಿಲ್ಲುತ್ತದೆಯೇ ಎನ್ನುವುದನ್ನು.

ಆಫ್ಟರ್ ಎಫೆಕ್ಟ್ಸ್: ಎಲ್ಲ ಬಾಗಿಲೂ ತೆರೆದಿದೆ

ಆಫ್ಟರ್ ಎಫೆಕ್ಟ್ಸ್ 1993ರಲ್ಲಿ ಅಮೆರಿಕದ ಪ್ರಾವಿಡೆನ್ಸ್ ನಗರದ ಸಣ್ಣ ಕಂಪನಿಯೊಂದರಿಂದ ಹೊರಬಂತು, ಮರುವರ್ಷ ಅಡೋಬಿಯ ಪಾಲಾಯಿತು. ಇವತ್ತಿಗೂ ಸಿಗುವ ಟೆಂಪ್ಲೇಟುಗಳಲ್ಲಿ ಬಹುಪಾಲು ಇಂಗ್ಲಿಷ್ ಅಕ್ಷರವನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದವು. ಇದು ಕಟ್ಟಿದವರ ತಪ್ಪಲ್ಲ, ಅವರ ಗಿರಾಕಿಗಳು ಅಂಥವರು. ಆದರೆ ಪ್ರಾಜೆಕ್ಟ್ ಫೈಲು ಕೈಗೆ ಬಂದರೆ ಒಳಗಿನ ಪ್ರತಿಯೊಂದು ಲೇಯರೂ, ಅಂದರೆ ಪದರವೂ, ನಿಮ್ಮ ಕೈಯಲ್ಲಿರುತ್ತದೆ, ಹಾಗಾಗಿ ಅವರ ಊಹೆಯನ್ನು ನೀವು ತಿದ್ದಬಹುದು.

ಫೈಲು ತೆರೆದ ಕೂಡಲೇ ಬರುವ ಎಚ್ಚರಿಕೆಗಳಿಗೆ ಹೆದರಬೇಡಿ. ಫಾಂಟು ಇಲ್ಲ ಎಂದರೆ ಲಾಭವೇ, ಹೇಗೂ ಆ ಫಾಂಟು ನಮಗೆ ಬೇಡ. ಪ್ಲಗಿನ್ (ತಂತ್ರಾಂಶಕ್ಕೆ ಹೊರಗಿನಿಂದ ಸೇರಿಸುವ ಬಿಡಿಭಾಗ) ಇಲ್ಲ ಎಂದು ಬಂದರೆ ಮಾತ್ರ ಯೋಚಿಸಬೇಕು. ಎಲಿಮೆಂಟ್ ತ್ರೀಡಿ, ಟ್ರ್ಯಾಪ್‌ಕೋಡ್ ಪರ್ಟಿಕ್ಯುಲರ್‌ನಂಥವಕ್ಕೆ ಬೇರೆಯೇ ಹಣ ಕೊಡಬೇಕು. ಆದ್ದರಿಂದ ಕೊಳ್ಳುವ ಮೊದಲೇ ‘ಪ್ಲಗಿನ್ ಬೇಕಾಗಿಲ್ಲ’ ಎಂದು ಬರೆದಿದೆಯೇ ನೋಡಿಕೊಳ್ಳಿ. ಹಳೆಯ ಟೆಂಪ್ಲೇಟಾದರೆ ಕೆಳಗೆ ಹಳದಿ ಪಟ್ಟಿಯಲ್ಲಿ ಎಕ್ಸ್‌ಪ್ರೆಷನ್ (ಲೇಯರನ್ನು ನಡೆಸುವ ಸಣ್ಣ ಕೋಡು) ತಪ್ಪು ಎಂಬ ಸಂದೇಶ ಬರಬಹುದು. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ ಎಕ್ಸ್‌ಪ್ರೆಷನ್ಸ್ ವಿಭಾಗಕ್ಕೆ ಹೋಗಿ ಜಾವಾಸ್ಕ್ರಿಪ್ಟ್ ಬದಲು ಲೆಗಸಿ ಎಕ್ಸ್‌ಟೆಂಡ್‌ಸ್ಕ್ರಿಪ್ಟ್ ಆರಿಸಿದರೆ ಹೆಚ್ಚಿನವು ತಣ್ಣಗಾಗುತ್ತವೆ.

ಅಕ್ಷರದ ವಿಷಯಕ್ಕೆ ಬರೋಣ. ಕನ್ನಡ ಟೈಪ್ ಮಾಡಿದಾಗ ಒತ್ತು ಕೂಡಿಕೊಳ್ಳದೆ ‘ತ್’ ‘ರ್’ ‘ಯೋ’ ಎಂದು ಬಿಡಿಬಿಡಿಯಾಗಿ ನಿಂತರೆ ಪ್ರಿಫರೆನ್ಸಸ್‌ನ ಟೈಪ್ ವಿಭಾಗ ನೋಡಿ. ಅಕ್ಷರ ಜೋಡಿಸುವ ಟೆಕ್ಸ್ಟ್ ಎಂಜಿನ್ ಲ್ಯಾಟಿನ್‌ನಲ್ಲಿದ್ದರೆ ದಕ್ಷಿಣ ಏಷ್ಯಾ ಮತ್ತು ಮಧ್ಯಪ್ರಾಚ್ಯದ ಆಯ್ಕೆಗೆ ಬದಲಿಸಿ, ಆಮೇಲೆ ಹೊಸದಾಗಿ ಪ್ರಾಜೆಕ್ಟ್ ತೆರೆಯಿರಿ. ಇಷ್ಟಾದರೆ ನಿಂತ ಅಕ್ಷರ ಸರಿಯಾಗುತ್ತದೆ. ಓಡುವ ಅಕ್ಷರದ್ದು ಬೇರೆಯೇ ಕಥೆ.

ಟೆಂಪ್ಲೇಟಿನ ಟೆಕ್ಸ್ಟ್ ಲೇಯರನ್ನು ಬಿಡಿಸಿದರೆ ಒಳಗೆ ಆ್ಯನಿಮೇಟರ್ ಇರುತ್ತದೆ, ಅದರೊಳಗೆ ರೇಂಜ್ ಸೆಲೆಕ್ಟರ್, ಅದರೊಳಗೆ ಅಡ್ವಾನ್ಸ್ಡ್. ಅಲ್ಲಿ ‘ಬೇಸ್ಡ್ ಆನ್’ ಎಂಬ ಸಾಲಿನಲ್ಲಿ ‘ಕ್ಯಾರೆಕ್ಟರ್ಸ್’ ಎಂದಿರುತ್ತದೆ. ಅಕ್ಷರಗಳು ಒಂದೊಂದಾಗಿ ಜಿಗಿಯುವುದು ಇದರಿಂದಲೇ. ಇಂಗ್ಲಿಷಿಗೆ ಇದು ಸೊಗಸು. ಕನ್ನಡದಲ್ಲಿ ಮೂಲಾಕ್ಷರ ಮೊದಲು ಇಳಿದು ಒತ್ತು ಹಿಂದಿನಿಂದ ಓಡಿ ಬಂದರೆ ಓದುವವರ ಕಣ್ಣಿಗೆ ಕಸ ಬಿದ್ದಂತಾಗುತ್ತದೆ. ಮರಾಠಿಯಲ್ಲಿ ಶಿರೋರೇಖೆ ತುಂಡು ತುಂಡಾಗಿ ಬಂದು ಕೊನೆಗೆ ಅಂಟಿಕೊಳ್ಳುತ್ತದೆ. ಆ ಸಾಲನ್ನು ‘ವರ್ಡ್ಸ್’ಗೆ ಬದಲಿಸಿ. ಪದ ಪದವಾಗಿ ಬರುತ್ತದೆ, ವೇಗ ಸ್ವಲ್ಪ ಬದಲಾದೀತು, ಚಲನೆ ಎಲ್ಲಿ ಶುರು, ಎಲ್ಲಿ ಕೊನೆ ಎಂದು ಗುರುತಿಸುವ ಎರಡು ಕೀಫ್ರೇಮ್ ಹತ್ತಿರ ಎಳೆದರೆ ಮುಗಿಯಿತು. ಈ ಒಂದೇ ಒಂದು ಬದಲಾವಣೆ ಗೊತ್ತಿದ್ದರೆ ಆಫ್ಟರ್ ಎಫೆಕ್ಟ್ಸ್ ಟೆಂಪ್ಲೇಟಿನ ಅರ್ಧ ಭಯ ಹೋಗುತ್ತದೆ ಎಂದು ನನ್ನ ಲೆಕ್ಕ.

ಇನ್ನರ್ಧ ಭಯ ಕತ್ತರಿಸಿದ ಒತ್ತಕ್ಷರದ್ದು. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಗೆರೆಯ ಕೆಳಗೆ ಏನೂ ಇಳಿಯುವುದಿಲ್ಲ. ಹಾಗಾಗಿ ಟೆಂಪ್ಲೇಟು ಕಟ್ಟಿದವರು ಅಕ್ಷರವನ್ನು ಗಿಡ್ಡ ಪ್ರಿಕಾಂಪಿನಲ್ಲಿ (ಒಳಗಿನ ಇನ್ನೊಂದು ಚೌಕಟ್ಟಿನಲ್ಲಿ) ಇಟ್ಟಿರುತ್ತಾರೆ, ಇಲ್ಲವೇ ಅಷ್ಟೇ ಎತ್ತರದ ಮ್ಯಾಟ್ (ತನ್ನ ಆಕಾರದೊಳಗಿನದನ್ನು ಮಾತ್ರ ಕಾಣಿಸುವ ಮುಚ್ಚಿಗೆ) ಹೊದಿಸಿರುತ್ತಾರೆ. ನಮ್ಮ ‘ತ್ರ್ಯೋ’ ಅದರಿಂದ ಕೆಳಗಿಳಿದು ಕಾಣೆಯಾಗುತ್ತದೆ. ಪ್ರಿಕಾಂಪ್ ತೆರೆದು ಕಂಟ್ರೋಲ್ ಕೆ ಒತ್ತಿ ಎತ್ತರ ಹೆಚ್ಚಿಸಿ. ಮ್ಯಾಟ್ ಆಗಿದ್ದರೆ ಆ ಆಯತದ ಕೆಳ ಅಂಚನ್ನು ಎಳೆಯಿರಿ. ಎರಡು ಸಾಲಿನ ಪಠ್ಯವಾದರೆ ಲೀಡಿಂಗ್ (ಸಾಲುಗಳ ನಡುವಿನ ಅಂತರ) ಕೂಡ ಹೆಚ್ಚಿಸಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಯ ಮೇಲೆ ಕೂರುತ್ತದೆ. ಇಂಗ್ಲಿಷಿನಲ್ಲಿ ಗತ್ತು ಬರಲೆಂದು ಅಕ್ಷರಗಳ ನಡುವೆ ಬಿಟ್ಟ ಟ್ರ್ಯಾಕಿಂಗನ್ನು ಸೊನ್ನೆಗೆ ತನ್ನಿ, ಮರಾಠಿಗಂತೂ ಮರೆಯದೆ.

ಪಟ್ಟಿಯ ಅಗಲ? ಒಳ್ಳೆಯ ಟೆಂಪ್ಲೇಟಿನಲ್ಲಿ ಬಣ್ಣದ ಪಟ್ಟಿ ಅಕ್ಷರದ ಅಗಲವನ್ನು ತಾನೇ ಅಳೆದು ಹಿಗ್ಗುತ್ತದೆ. ಪಟ್ಟಿಯ ಲೇಯರಿನಲ್ಲಿ ಸೋರ್ಸ್‌ರೆಕ್ಟ್‌ಆ್ಯಟ್‌ಟೈಮ್ ಎಂಬ ಎಕ್ಸ್‌ಪ್ರೆಷನ್ ಇದ್ದರೆ ಆ ವ್ಯವಸ್ಥೆ ಇದೆ ಎಂದರ್ಥ. ಇಲ್ಲದ ಟೆಂಪ್ಲೇಟಿನಲ್ಲಿ ಪ್ರತಿ ಹೆಸರಿಗೂ ಪಟ್ಟಿಯನ್ನು ಕೈಯಿಂದ ಹಿಗ್ಗಿಸುತ್ತಾ ಕೂರಬೇಕು. ನಮ್ಮ ಸಂಘಗಳಲ್ಲಿ ವೇದಿಕೆಯ ಮೇಲೆ ಎಷ್ಟು ಜನ ಇರುತ್ತಾರೆ ಎಂದು ಗೊತ್ತಿದ್ದವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ.

ಒಟ್ಟಿನಲ್ಲಿ ಇಲ್ಲಿ ಸರಿಯಾಗದ್ದು ಯಾವುದೂ ಇಲ್ಲ, ಆದರೆ ಸರಿಮಾಡಲು ನೀವೇ ಕೂರಬೇಕು. ಹೊಸಬರಿಗೆ ಮೊದಲ ಟೆಂಪ್ಲೇಟು ಒಂದು ಸಂಜೆಯನ್ನು ನುಂಗುತ್ತದೆ. ಯಂತ್ರವೂ ಗಟ್ಟಿ ಇರಬೇಕು: ಅಡೋಬಿಯೇ ಹೇಳುವಂತೆ 16 ಜಿಬಿ ರ‍್ಯಾಮ್ ಕನಿಷ್ಠ, 32 ಇದ್ದರೆ ಒಳ್ಳೆಯದು.

ಮೋಗರ್ಟ್: ಬಾಡಿಗೆ ಮನೆಯ ಹಾಗೆ

ಮೋಗರ್ಟ್ ಅಂದರೆ ಆಫ್ಟರ್ ಎಫೆಕ್ಟ್ಸ್‌ನ ಅದೇ ಆ್ಯನಿಮೇಷನ್ನನ್ನು ಒಂದು ಪೊಟ್ಟಣದಲ್ಲಿ ಕಟ್ಟಿ, ಹೊರಗೆ ಕೆಲವೇ ಗುಂಡಿಗಳನ್ನು ಬಿಟ್ಟು ಕೊಟ್ಟದ್ದು. 2017ರಲ್ಲಿ ಅಡೋಬಿ ಇದನ್ನು ತಂದಿತು. ಪ್ರೀಮಿಯರ್‌ನ ಟೈಮ್‌ಲೈನಿಗೆ ಎಳೆದು ಹಾಕಿ, ಪಕ್ಕದ ಪ್ಯಾನೆಲ್‌ನಲ್ಲಿ ಹೆಸರು ಬರೆಯಿರಿ, ಬಣ್ಣ ಆರಿಸಿ, ಮುಗಿಯಿತು. ಆಫ್ಟರ್ ಎಫೆಕ್ಟ್ಸ್ ಯಂತ್ರದಲ್ಲಿ ಇರಬೇಕೆಂದೂ ಇಲ್ಲ. ಹಳೆಯ ಯೂಟ್ಯೂಬ್ ಪಾಠಗಳಲ್ಲಿ ‘ಎಸೆನ್ಷಿಯಲ್ ಗ್ರಾಫಿಕ್ಸ್’ ಪ್ಯಾನೆಲ್ ತೆರೆಯಿರಿ ಎನ್ನುತ್ತಾರೆ. ಹೊಸ ಪ್ರೀಮಿಯರ್‌ನಲ್ಲಿ ಅದು ಎರಡು ಪಾಲಾಗಿದೆ. ಹುಡುಕಲು ‘ಗ್ರಾಫಿಕ್ಸ್ ಟೆಂಪ್ಲೇಟ್ಸ್’, ತಿದ್ದಲು ‘ಪ್ರಾಪರ್ಟೀಸ್’. ಪ್ಯಾನೆಲ್ ಕಾಣುತ್ತಿಲ್ಲ ಎಂದು ಕಂಗಾಲಾಗುವವರು ಬಹಳ, ಅದಕ್ಕೆ ಹೇಳಿದೆ.

ಹೊಸಬರಿಗೆ ನಾನು ಮೊದಲು ತೋರಿಸುವುದು ಇದನ್ನೇ. ಆದರೂ ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯಬೇಕಾದರೆ ಮಾಲೀಕರ ಒಪ್ಪಿಗೆ ಬೇಕಾದಂತೆ, ಇಲ್ಲಿ ಏನು ಬದಲಿಸಬಹುದು ಎನ್ನುವುದು ಕಟ್ಟಿದವರು ಮೊದಲೇ ತೀರ್ಮಾನಿಸಿದ ವಿಷಯ. ಇಂಗ್ಲಿಷಿನವರಿಗೆ ತಟ್ಟದ, ನಮಗೆ ತಟ್ಟುವ ಜಾಗ ಒಂದಿದೆ: ಫಾಂಟು. ಮೋಗರ್ಟ್ ಕಟ್ಟುವಾಗ ಪಠ್ಯದ ಜೊತೆ ಫಾಂಟ್ ಬದಲಿಸುವ ಅವಕಾಶವನ್ನೂ ಬಿಟ್ಟುಕೊಡಬೇಕು. ಅದು ಪ್ರತ್ಯೇಕವಾಗಿ ಟಿಕ್ ಹಾಕಬೇಕಾದ ಆಯ್ಕೆ. ಹಾಕದಿದ್ದರೆ ಪ್ರೀಮಿಯರ್‌ನಲ್ಲಿ ಪಠ್ಯ ಬದಲಿಸುವ ಚೌಕ ಸಿಗುತ್ತದೆ, ಫಾಂಟಿನ ಪಟ್ಟಿ ಸಿಗುವುದಿಲ್ಲ. ಕನ್ನಡ ಅಕ್ಷರವೇ ಇಲ್ಲದ ಫಾಂಟಿಗೆ ಕನ್ನಡ ಟೈಪ್ ಮಾಡಿ ಏನು ಪ್ರಯೋಜನ? ಖಾಲಿ ಚೌಕಗಳು ಬರುತ್ತವೆ, ಅಥವಾ ಯಂತ್ರ ತನಗೆ ತೋಚಿದ ಯಾವುದೋ ಫಾಂಟನ್ನು ತಂದು ಕೂರಿಸುತ್ತದೆ.

ಹೆಸರಾಂತ ಮಾರುಕಟ್ಟೆಯೊಂದರಿಂದ ಕೊಂಡ ಮದುವೆ ಪೊಟ್ಟಣದಲ್ಲಿ ನನಗೆ ಆದದ್ದು ಇದೇ. ಹತ್ತಾರು ಶೀರ್ಷಿಕೆ, ಎಲ್ಲದರಲ್ಲೂ ಬಣ್ಣಕ್ಕೆ ಗುಂಡಿ, ನೆರಳಿಗೆ ಗುಂಡಿ, ಹೂವಿನ ಗಾತ್ರಕ್ಕೂ ಗುಂಡಿ. ಫಾಂಟಿಗೆ ಮಾತ್ರ ಇಲ್ಲ. ವಿವರಣೆಯಲ್ಲಿ ‘ಎಲ್ಲ ಭಾಷೆಗೂ ಆಗುತ್ತದೆ’ ಎಂಬ ಸಾಲು ಬೇರೆ. ಹಣ ವಾಪಸ್ ಕೇಳಿದರೆ ‘ಡೌನ್‌ಲೋಡ್ ಆಗಿದೆ’ ಎಂಬ ಉತ್ತರ.

ಆದರೆ ಬೀಗಕ್ಕೆ ಕೀಲಿ ಇದೆ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಹುಟ್ಟಿದ ಮೋಗರ್ಟನ್ನು ಆಫ್ಟರ್ ಎಫೆಕ್ಟ್ಸ್‌ನಲ್ಲೇ ಓಪನ್ ಪ್ರಾಜೆಕ್ಟ್ ಮೂಲಕ ತೆರೆಯಬಹುದು. ಅದು ಬಿಚ್ಚಿಕೊಂಡು ಮಾಮೂಲಿ ಪ್ರಾಜೆಕ್ಟ್ ಆಗುತ್ತದೆ. ಅಲ್ಲಿ ಕನ್ನಡ ಫಾಂಟು ಕೂರಿಸಿ, ಮೇಲೆ ಹೇಳಿದ ‘ವರ್ಡ್ಸ್’ ಬದಲಾವಣೆ ಮಾಡಿ, ಮ್ಯಾಟ್ ಹಿಗ್ಗಿಸಿ, ಫಾಂಟಿನ ಆಯ್ಕೆಗೆ ಟಿಕ್ ಹಾಕಿ ಮತ್ತೆ ಮೋಗರ್ಟ್ ಆಗಿ ಹೊರತೆಗೆದರೆ ಆಮೇಲೆ ಪ್ರೀಮಿಯರ್‌ನಲ್ಲಿ ಬೇಕಾದಷ್ಟು ಸಲ ಬಳಸಬಹುದು. ನಾನು ಸಂಘಗಳಿಗೆ ಬಳಸುವ ಹೆಸರಿನ ಪಟ್ಟಿಗಳೆಲ್ಲ ಹೀಗೆ ಮರುಜನ್ಮ ಪಡೆದವು. ನಿಮ್ಮಲ್ಲಿ ಆಫ್ಟರ್ ಎಫೆಕ್ಟ್ಸ್ ಇಲ್ಲದಿದ್ದರೆ ಇದ್ದವರೊಬ್ಬರ ಸ್ನೇಹ ಇಟ್ಟುಕೊಳ್ಳಿ, ಅರ್ಧ ಗಂಟೆಯ ಕೆಲಸ.

ಇನ್ನೊಂದು ಜಾತಿಯ ಮೋಗರ್ಟ್ ಇದೆ, ಪ್ರೀಮಿಯರ್‌ನೊಳಗೇ ಹುಟ್ಟಿದ್ದು. ಪ್ಯಾನೆಲ್‌ನಲ್ಲಿ ಗುಂಡಿಗಳ ಬದಲು ಲೇಯರುಗಳ ಪಟ್ಟಿ ಕಂಡರೆ ಅದು ಇದು. ಇದನ್ನು ಆಫ್ಟರ್ ಎಫೆಕ್ಟ್ಸ್‌ನಲ್ಲಿ ತೆರೆಯಲಾಗದು, ಆದರೆ ತೆರೆಯುವ ಅಗತ್ಯವೂ ಇಲ್ಲ: ಫಾಂಟು, ಗಾತ್ರ, ಜಾಗ ಎಲ್ಲ ಪ್ರೀಮಿಯರ್‌ನಲ್ಲೇ ಬದಲಿಸಬಹುದು. ಆ್ಯನಿಮೇಷನ್ ಸರಳ, ಸರಿದು ಬರುವುದು, ಮಂಕಾಗಿ ಮೂಡುವುದು ಇಷ್ಟೇ. ಆಡಂಬರ ಬೇಡದ ಕನ್ನಡ ಹೆಸರಿನ ಪಟ್ಟಿಗೆ ನನ್ನ ಮೊದಲ ಶಿಫಾರಸು ಇದೇ. ಅಕ್ಷರ ಅಕ್ಷರವಾಗಿ ಕುಣಿಯದಿದ್ದರೆ ಒಡೆಯುವುದೂ ಇಲ್ಲ. ಪ್ರೀಮಿಯರ್‌ನಲ್ಲೂ ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ವಿಭಾಗದಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಇದೆ, ಒತ್ತು ಕೂಡಿಕೊಳ್ಳದಿದ್ದರೆ ಮೊದಲು ಅಲ್ಲಿ ನೋಡಿ.

ಮೋಗರ್ಟಿನ ನಿಜವಾದ ಸುಖ ಗೊತ್ತಾಗುವುದು ಉದ್ದ ಬದಲಿಸಿದಾಗ. ಚೆನ್ನಾಗಿ ಕಟ್ಟಿದ ಮೋಗರ್ಟಿನಲ್ಲಿ ಬರುವ ಭಾಗ ಮತ್ತು ಹೋಗುವ ಭಾಗವನ್ನು ಕಾಯ್ದಿರಿಸಿರುತ್ತಾರೆ. ಟೈಮ್‌ಲೈನಿನಲ್ಲಿ ಎಷ್ಟೇ ಎಳೆದರೂ ನಡುವಿನ ನಿಲ್ಲುವ ಹೊತ್ತು ಮಾತ್ರ ಹಿಗ್ಗುತ್ತದೆ. ಅಧ್ಯಕ್ಷರ ಪಟ್ಟಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಲಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆಫ್ಟರ್ ಎಫೆಕ್ಟ್ಸ್‌ನಲ್ಲಾದರೆ ಕೀಫ್ರೇಮ್ ಸರಿಸಿ ಮತ್ತೆ ರೆಂಡರ್ (ವಿಡಿಯೋ ಹೊರತೆಗೆಯುವುದು), ಇಲ್ಲಿ ಒಂದು ಎಳೆತ.

ರಿಸಾಲ್ವ್: ದುಡ್ಡು ಬೇಡ, ತಾಳ್ಮೆ ಬೇಕು

ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯನ್ನು ಉಚಿತ ಎಂದು ಕಡೆಗಣಿಸಬಾರದು. ವಾಟರ್‌ಮಾರ್ಕ್ ಇಲ್ಲದೆ 3840×2160ರವರೆಗೆ ವಿಡಿಯೋ ಹೊರತೆಗೆಯಬಹುದು, ಸಂಘದ ಕೆಲಸಕ್ಕೆ ಅದಕ್ಕಿಂತ ಹೆಚ್ಚು ಯಾರಿಗೂ ಬೇಡ. ಸ್ಟುಡಿಯೋ ಆವೃತ್ತಿಗೆ 295 ಡಾಲರ್, ಅದೂ ಒಂದೇ ಸಲ. ತಿಂಗಳು ತಿಂಗಳು ಕಟ್ಟುವ ಗೋಜಿಲ್ಲ. ಬ್ಲ್ಯಾಕ್‌ಮ್ಯಾಜಿಕ್ ಕಂಪನಿ 2014ರಲ್ಲಿ ಕೊಂಡ ಫ್ಯೂಷನ್ ಎಂಬ ತಂತ್ರಾಂಶವನ್ನು 2018ರ ಹದಿನೈದನೇ ಆವೃತ್ತಿಯಿಂದ ರಿಸಾಲ್ವ್‌ನೊಳಗೇ ಒಂದು ಪುಟವಾಗಿ ಸೇರಿಸಿತು. ಅಲ್ಲಿಂದ ಬಂದವು ಈ ಫ್ಯೂಷನ್ ಟೈಟಲ್‌ಗಳು.

ಎಡಿಟ್ ಪುಟದಲ್ಲಿ ಎಫೆಕ್ಟ್ಸ್ ಲೈಬ್ರರಿಯಿಂದ ಟೈಟಲ್ ಎಳೆದು ಹಾಕಿದರೆ ಇನ್‌ಸ್ಪೆಕ್ಟರ್‌ನಲ್ಲಿ ಪಠ್ಯ, ಫಾಂಟು, ಬಣ್ಣ ಬದಲಿಸಬಹುದು. ಇಲ್ಲಿಯವರೆಗೆ ಮೋಗರ್ಟಿನಷ್ಟೇ ಸುಲಭ. ಸಾಲದಿದ್ದರೆ ಅದೇ ಕ್ಲಿಪ್ಪನ್ನು ಫ್ಯೂಷನ್ ಪುಟದಲ್ಲಿ ತೆರೆಯಿರಿ, ಗುಂಪಾಗಿ ಕಟ್ಟಿದ್ದನ್ನು ಬಿಡಿಸಿದರೆ ಒಳಗಿನ ನೋಡ್‌ಗಳು (ಒಂದೊಂದು ಕೆಲಸ ಮಾಡುವ ಪೆಟ್ಟಿಗೆಗಳು) ಒಂದಕ್ಕೊಂದು ದಾರ ಕಟ್ಟಿಕೊಂಡು ನಿಂತಿರುತ್ತವೆ. ಅಂದರೆ ಮೋಗರ್ಟಿನ ಬೀಗ ಇಲ್ಲಿಲ್ಲ, ಬೇರೆ ತಂತ್ರಾಂಶವೂ ಬೇಡ. ಈ ಮಟ್ಟಿಗೆ ರಿಸಾಲ್ವ್ ಅಡೋಬಿಯ ಎರಡು ದಾರಿಗಳನ್ನೂ ಒಟ್ಟಿಗೆ ಹೊಂದಿದೆ. ತೊಂದರೆಯೆಂದರೆ, ಲೇಯರ್ ನೋಡಿ ಅಭ್ಯಾಸವಾದವರಿಗೆ ನೋಡ್ ಎಂಬುದು ಮೊದಮೊದಲು ತಲೆಗೆ ಹತ್ತುವುದಿಲ್ಲ. ನನಗೆ ಅದು ಇಂದಿಗೂ ಇಷ್ಟದ ದಾರಿಯಲ್ಲ, ಒಪ್ಪಿಕೊಳ್ಳುವಷ್ಟು ಶಕ್ತಿ ಅದಕ್ಕಿದೆ ಎನ್ನುವುದು ಬೇರೆ ಮಾತು.

ಕನ್ನಡದ ಲೆಕ್ಕದಲ್ಲಿ ಇಲ್ಲಿ ಪರೀಕ್ಷೆ ಮಾಡದೆ ಮುಂದುವರಿಯಬೇಡಿ. ಫ್ಯೂಷನ್ ಟೈಟಲ್‌ಗಳ ಬೆನ್ನೆಲುಬು ಟೆಕ್ಸ್ಟ್ ಪ್ಲಸ್ ಎಂಬ ನೋಡ್. ನಿಮ್ಮ ಯಂತ್ರದಲ್ಲಿರುವ ಆವೃತ್ತಿಯಲ್ಲಿ ಅದರೊಳಗೆ ‘ಸ್ವಾತಂತ್ರ್ಯೋತ್ಸವ’ ಎಂದು ಹಾಕಿ. ಸರಿಯಾಗಿ ಕೂತರೆ ಮುಂದೆ ಹೋಗಿ, ಅದರಲ್ಲೂ ಅಕ್ಷರಗಳನ್ನು ಒಂದೊಂದಾಗಿ ಓಡಿಸುವ ‘ಫಾಲೋವರ್’ ಇರುವ ಟೈಟಲ್ ಬಿಟ್ಟು, ಇಡೀ ಸಾಲು ಸರಿಯುವಂಥದ್ದನ್ನು ಆರಿಸಿ. ಕೂರದಿದ್ದರೆ ಒದ್ದಾಡಬೇಡಿ. ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ಕನ್ನಡ ಬರೆದು, ಹಿನ್ನೆಲೆಯಿಲ್ಲದ ಪಿಎನ್‌ಜಿಯಾಗಿ ತೆಗೆದು, ಟೆಕ್ಸ್ಟ್ ಪ್ಲಸ್ ಇದ್ದ ಜಾಗಕ್ಕೆ ಆ ಚಿತ್ರವನ್ನು ಜೋಡಿಸಿ. ಟೆಂಪ್ಲೇಟಿನ ಗೆರೆ, ಪಟ್ಟಿ, ಚಲನೆ ಹಾಗೇ ಇರುತ್ತವೆ, ಅಕ್ಷರ ಮಾತ್ರ ಚಿತ್ರವಾಗಿ ಬರುತ್ತದೆ. ವೇದಿಕೆಯ ಶೀರ್ಷಿಕೆಗೆ ಈ ಉಪಾಯ ಸೊಗಸಾಗಿ ನಡೆಯುತ್ತದೆ. ಇಪ್ಪತ್ತು ಅತಿಥಿಗಳ ಹೆಸರಿಗೆ ಇಪ್ಪತ್ತು ಚಿತ್ರ ಮಾಡುತ್ತಾ ಕೂರುವುದಾದರೆ ಬೇಡ.

ಆಫ್ಟರ್ ಎಫೆಕ್ಟ್ಸ್ ಫೈಲೋ ಮೋಗರ್ಟೋ ಇಲ್ಲಿ ತೆರೆಯುವುದಿಲ್ಲ ಎನ್ನುವುದನ್ನು ಕೊಳ್ಳುವಾಗ ನೆನಪಿಡಿ. ಇಲ್ಲಿಗೆ ಬೇಕಾದ್ದು ಡಿಆರ್‌ಎಫ್‌ಎಕ್ಸ್ ಪೊಟ್ಟಣ. ಎರಡು ಸಲ ಕ್ಲಿಕ್ ಮಾಡಿದರೆ ಸೇರಿಕೊಳ್ಳುತ್ತದೆ. ಫ್ಯೂಷನ್ ಬಳಸುವುದಾದರೆ ಇದಕ್ಕೂ 32 ಜಿಬಿ ರ‍್ಯಾಮ್ ಬೇಕೆಂದು ಕಂಪನಿ ಹೇಳುತ್ತದೆ, ಹಾಗಾಗಿ ತಂತ್ರಾಂಶದಲ್ಲಿ ಉಳಿಸಿದ ದುಡ್ಡು ಮುಂಬಯಿಯ ಕಂಪ್ಯೂಟರ್ ಪೇಟೆ ಲ್ಯಾಮಿಂಗ್ಟನ್ ರೋಡಿನಲ್ಲಿ ಖರ್ಚಾದರೆ ಆಶ್ಚರ್ಯಪಡಬೇಡಿ.

ಕ್ಯಾನ್ವಾ

ಮೊಬೈಲಿನ ಆಮಂತ್ರಣಕ್ಕೆ ಇದನ್ನು ಮೀರಿಸುವುದು ಇಲ್ಲ. ಬ್ರೌಸರ್ ಇದ್ದರೆ ಸಾಕು, ಫೋನಿನಲ್ಲೂ ಆಗುತ್ತದೆ, ಕನ್ನಡ ಫಾಂಟುಗಳು ಒಳಗೇ ಇವೆ, ಒತ್ತಕ್ಷರದ ಮ್ಯಾಟ್ ತಲೆನೋವಿಲ್ಲ. 1080×1920ರ ಉದ್ದನೆಯ ಟೆಂಪ್ಲೇಟು ಆರಿಸಿ, ಪಠ್ಯ ಬದಲಿಸಿ, ಎಂಪಿ4 ತೆಗೆದು ಗ್ರೂಪಿಗೆ ಹಾಕಿ. ಇಂಗ್ಲಿಷ್ ಟೆಂಪ್ಲೇಟಿನ ಮೇಲೆ ಕನ್ನಡ ಬರೆದಾಗ ಫಾಂಟನ್ನು ಮಾತ್ರ ನೀವೇ ಆರಿಸಬೇಕು, ತಾನಾಗಿ ಬಂದದ್ದು ಹೆಚ್ಚಾಗಿ ಸಪ್ಪೆ.

ಮಿತಿಯೂ ಅಷ್ಟೇ ಸ್ಪಷ್ಟ. ನಿಮ್ಮದೇ ಫಾಂಟು ಏರಿಸಲು, ಒಂದೇ ಗುಂಡಿಯಲ್ಲಿ ಅಡ್ಡದ್ದನ್ನು ಉದ್ದಕ್ಕೆ ಬದಲಿಸಲು ಹಣ ಕೊಟ್ಟ ಖಾತೆ ಬೇಕು. ಎಂಪಿ4ನಲ್ಲಿ ಪಾರದರ್ಶಕ ಹಿನ್ನೆಲೆ ಇರುವುದಿಲ್ಲವಾದ್ದರಿಂದ ಇಲ್ಲಿ ಮಾಡಿದ ಹೆಸರಿನ ಪಟ್ಟಿಯನ್ನು ಪ್ರೀಮಿಯರ್‌ನ ಭಾಷಣದ ಮೇಲೆ ಹೊದಿಸಲಾಗುವುದಿಲ್ಲ. ಆ ಕೆಲಸಕ್ಕೆ ಆಫ್ಟರ್ ಎಫೆಕ್ಟ್ಸ್‌ನಿಂದ ಆಲ್ಫಾ (ಪಾರದರ್ಶಕತೆಯ ಮಾಹಿತಿ) ಸಮೇತ ಪ್ರೊರೆಸ್ 4444 ವಿಡಿಯೋ ತೆಗೆಯುವುದೋ, ಮೋಗರ್ಟ್ ಹಾಕುವುದೋ ಸರಿ. ಚಲನೆಯ ಮೇಲಿನ ಹಿಡಿತವೂ ಕಡಿಮೆ: ಸಿದ್ಧ ಚಲನೆಗಳಲ್ಲಿ ಆರಿಸುವುದು, ವೇಗ ಬದಲಿಸುವುದು, ಅದಕ್ಕಿಂತ ಆಳಕ್ಕೆ ಇಳಿಯುವ ಹಂಬಲವಿದ್ದರೆ ಬೇರೆ ಕಡೆ ಹೋಗಿ. ದೊಡ್ಡ ಪರದೆಯ ಶೀರ್ಷಿಕೆಗೆ ನಾನು ಇದನ್ನು ಬಳಸುವುದಿಲ್ಲ. ಅದೇ ಟೆಂಪ್ಲೇಟನ್ನು ಸಭೆಯಲ್ಲಿ ಕೂತ ಅರ್ಧ ಜನ ತಮ್ಮ ಮಗುವಿನ ಹುಟ್ಟುಹಬ್ಬಕ್ಕೆ ಬಳಸಿರುತ್ತಾರೆ.

ಫಾಂಟಿನ ಮಾತು, ಎಲ್ಲದಕ್ಕೂ ಸಲ್ಲುವುದು

ನಾಲ್ಕು ದಾರಿಯಲ್ಲಿ ಯಾವುದನ್ನು ಹಿಡಿದರೂ ಅರ್ಧ ಗೆಲುವು ಫಾಂಟಿನಲ್ಲಿದೆ. ನಮ್ಮದೇ ಮುಂಬಯಿಯ ಏಕ್ ಟೈಪ್ ತಂಡದವರು ರೂಪಿಸಿದ ಅನೇಕ್ ಎಂಬ ಫಾಂಟ್ ಕುಟುಂಬವಿದೆ. ಅನೇಕ್ ಕನ್ನಡ, ಅನೇಕ್ ದೇವನಾಗರಿ, ಅನೇಕ್ ಲ್ಯಾಟಿನ್ ಎಲ್ಲ ಒಂದೇ ಕೈಬರಹದ ಅಣ್ಣತಮ್ಮಂದಿರು, ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಕನ್ನಡ, ಮರಾಠಿ, ಇಂಗ್ಲಿಷ್ ಹೆಸರು ಒಂದೇ ಪಟ್ಟಿಯಲ್ಲಿ ಬಂದಾಗ ಮೂರು ಬೇರೆ ಬೇರೆ ಬೋರ್ಡಿನಿಂದ ಕಿತ್ತು ತಂದಂತೆ ಕಾಣುವುದಿಲ್ಲ. ಅದರಲ್ಲಿ ಅಗಲದ ಆಯ್ಕೆಯೂ ಇದೆ, ಅತಿ ಕಿರಿದಾದದ್ದರಿಂದ ಅಗಲವಾದದ್ದರವರೆಗೆ. ‘ಕಾರ್ಯಾಧ್ಯಕ್ಷರು, ಸಾಂಸ್ಕೃತಿಕ ಸಮಿತಿ’ ಹಿಡಿಯದ ಪಟ್ಟಿಗೆ ಕಂಡೆನ್ಸ್ಡ್ ಹಾಕಿದರೆ ಗಾತ್ರ ಇಳಿಸದೆಯೇ ಹಿಡಿಯುತ್ತದೆ. ಅಗಲ ಬದಲಿಸುವ ಗುಂಡಿ ನಿಮ್ಮ ತಂತ್ರಾಂಶದಲ್ಲಿ ಕಾಣದಿದ್ದರೆ ಡೌನ್‌ಲೋಡಿನ ಸ್ಟ್ಯಾಟಿಕ್ ಫೋಲ್ಡರಿನಲ್ಲಿರುವ ಬಿಡಿ ಫೈಲುಗಳನ್ನು ಇನ್‌ಸ್ಟಾಲ್ ಮಾಡಿ. ಮಕ್ಕಳ ಕಾರ್ಯಕ್ರಮಕ್ಕೆ ಅದೇ ತಂಡದ ಬಲೂ ತಮ್ಮ ಚೆನ್ನಾಗಿ ಒಪ್ಪುತ್ತದೆ, ಗುಂಡಗುಂಡಗೆ ಇರುತ್ತದೆ.

ಸ್ಮರಣ ಸಂಚಿಕೆಯ ಡಿಟಿಪಿ ಮಾಡಿದವರು ಹೆಸರುಗಳ ಪಟ್ಟಿ ಕಳಿಸುತ್ತಾರಲ್ಲ, ಅದು ಹಳೆಯ ನುಡಿ ಫಾಂಟಿನದಾಗಿದ್ದರೆ ಅಂಟಿಸಿದಾಗ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ನುಡಿ ಫಾಂಟನ್ನೇ ಆರಿಸಿದರೆ ಕನ್ನಡ ಮೂಡುವುದು ನಿಜ, ಲಿಪಿಯ ಎಂಜಿನ್ ಬದಲಿಸದೆಯೂ ಮೂಡುತ್ತದೆ. ಹಳಬರು ಬಹಳ ಕಾಲ ಹೀಗೇ ಕೆಲಸ ಸಾಗಿಸಿದರು. ಆದರೆ ಟೆಂಪ್ಲೇಟುಗಳಲ್ಲಿ ಎಲ್ಲವನ್ನೂ ದೊಡ್ಡಕ್ಷರ ಮಾಡುವ ‘ಆಲ್ ಕ್ಯಾಪ್ಸ್’ ಒತ್ತಿಟ್ಟಿರುವುದು ಸಾಮಾನ್ಯ. ಆ ಫಾಂಟಿನಲ್ಲಿ ಇಂಗ್ಲಿಷ್ ಸಣ್ಣಕ್ಷರ, ದೊಡ್ಡಕ್ಷರದ ಮನೆಗಳಲ್ಲಿ ಬೇರೆ ಬೇರೆ ಕನ್ನಡದ ತುಣುಕುಗಳು ಕೂತಿರುವುದರಿಂದ, ಹೆಸರು ಇದ್ದಕ್ಕಿದ್ದಂತೆ ಓದಲಾಗದ ಬೇರೇನೋ ಆಗುತ್ತದೆ. ಎಲ್ಲ ಯಂತ್ರಗಳೂ ಒಂದೇ ಥರ ಓದುವ ಯೂನಿಕೋಡಿಗೆ ಬದಲಿಸಿಕೊಂಡೇ ಕೆಲಸ ಶುರುಮಾಡಿ. ಬದಲಿಸಿದ ಮೇಲೂ ಹೆಸರುಗಳನ್ನು ಸಂಘದವರಿಂದ ಒಮ್ಮೆ ಓದಿಸಿ. ಪರದೆಯ ಮೇಲೆ ಅಕ್ಷರ ತಪ್ಪಿದರೆ ಟೆಂಪ್ಲೇಟಿನ ಚಂದ ಯಾರಿಗೂ ಕಾಣುವುದಿಲ್ಲ, ಹೆಸರಿನವರಿಗಂತೂ ಕಾಣುವುದೇ ಇಲ್ಲ.

ಹಾಗಾದರೆ ಯಾವುದು?

ಹೊಸಬರು ಪ್ರೀಮಿಯರ್ ಇಟ್ಟುಕೊಂಡಿದ್ದರೆ ಪ್ರೀಮಿಯರ್‌ನಲ್ಲೇ ಹುಟ್ಟಿದ ಸರಳ ಮೋಗರ್ಟಿನಿಂದ ಶುರುಮಾಡಿ, ಅಡೋಬಿ ಸ್ಟಾಕ್‌ನಲ್ಲಿ ಉಚಿತವಾದವೂ ಇವೆ. ಹಣ ಕೊಟ್ಟು ಕೊಳ್ಳುವ ಮೊದಲು ಮಾರುವವರಿಗೆ ಒಂದೇ ಪ್ರಶ್ನೆ ಕೇಳಿ: ಪ್ರೀಮಿಯರ್‌ನಲ್ಲಿ ಫಾಂಟು ಬದಲಿಸಬಹುದೇ? ಸುತ್ತಿ ಬಳಸಿ ಉತ್ತರ ಬಂದರೆ ಕೊಳ್ಳಬೇಡಿ.

ಪ್ರತಿ ವರ್ಷ ಅದೇ ಸಂಘದ ರಾಜ್ಯೋತ್ಸವ, ಅದೇ ಯಕ್ಷಗಾನ, ಅದೇ ವಾರ್ಷಿಕೋತ್ಸವ ಮಾಡುವವರಾದರೆ ಆಫ್ಟರ್ ಎಫೆಕ್ಟ್ಸ್ ಫೈಲನ್ನೇ ಕೊಂಡು ಒಮ್ಮೆ ಕನ್ನಡಕ್ಕೆ ಹದಗೊಳಿಸಿ ಇಟ್ಟುಕೊಳ್ಳಿ. ಮೊದಲ ವರ್ಷದ ಬೇಸರ ಮುಂದಿನ ವರ್ಷಗಳಲ್ಲಿ ತೀರುತ್ತದೆ. ಕೂಡಿಡುವಾಗ ಕಲೆಕ್ಟ್ ಫೈಲ್ಸ್ ಕೊಟ್ಟರೆ ಚಿತ್ರ, ವಿಡಿಯೋಗಳೆಲ್ಲ ಒಂದೆಡೆ ಬರುತ್ತವೆ, ಫಾಂಟನ್ನು ಮಾತ್ರ ಅದೇ ಫೋಲ್ಡರಿಗೆ ನೀವೇ ಹಾಕಿಡಬೇಕು. ವಿದ್ಯಾರ್ಥಿಗಳು, ತಿಂಗಳ ಚಂದಾ ಕಟ್ಟಲು ಮನಸ್ಸಿಲ್ಲದವರು ರಿಸಾಲ್ವ್ ಕಲಿಯಲಿ. ಗೆಳೆಯರ ಮಗನೊಬ್ಬ ಕಲಿಯುತ್ತಿದ್ದಾನೆ, ನೋಡ್‌ಗಳು ಅವನಿಗೆ ನನಗಿಂತ ಬೇಗ ಒಗ್ಗಿವೆ. ಆಮಂತ್ರಣಕ್ಕೆ ಎಲ್ಲರಿಗೂ ಕ್ಯಾನ್ವಾ.

ಪ್ರಿವ್ಯೂ ವಿಡಿಯೋದಲ್ಲಿ ಕೇಳಿದ ಸಂಗೀತ ಸಾಮಾನ್ಯವಾಗಿ ಟೆಂಪ್ಲೇಟಿನ ಜೊತೆ ಬರುವುದಿಲ್ಲ, ಬೇರೆಯೇ ಕೊಳ್ಳಬೇಕು. ಇದನ್ನು ಸಂಘದವರಿಗೆ ಪ್ರಿವ್ಯೂ ತೋರಿಸುವ ಮೊದಲೇ ಹೇಳಿಬಿಡಿ. ತೋರಿಸಿದ ಮೇಲೆ ಹೇಳಿದರೆ “ಅದೇ ಮ್ಯೂಸಿಕ್ ಬೇಕು ಮಾರಾಯ್ರೆ” ಎನ್ನುತ್ತಾರೆ, ಬಜೆಟ್ ಮಾತ್ರ ಅಲ್ಲಿಗೇ ನಿಂತಿರುತ್ತದೆ.